ಮಾಲೀಕರಿಗೆ ಕೊಸರಿಲ್ಲ

ಕಳೆದ ಶನಿವಾರ ನನ್ನ ಡೈರೆಕ್ಟರ್ ಪದವಿ ಒಂದು ಹಿಡಿ ತೊಗರಿಬೇಳೆಯ ಮೇಲೆ ನಿಂತಿತ್ತು. ನಗಬೇಡಿ.

ಡೈರೆಕ್ಟರ್ ಅಂದ ಕೂಡಲೇ ಕಾರು, ಕೋಟು ಅಂತೆಲ್ಲ ಊಹಿಸಿಕೊಳ್ಳಲೂ ಬೇಡಿ. ನಮ್ಮ ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಇನ್ನೂ ರಸ್ತೆಗೆ ಟಾರು ಬಿದ್ದಿಲ್ಲ, ನಮ್ಮ ಬೀದಿಗೆ ದೀಪ ಬಂದಿಲ್ಲ. ಸಹಕಾರಿ ದಿನಸಿ ಅಂಗಡಿ ಮಾತ್ರ ಬಂದಿದೆ. ನಾವು ನಾವೇ ಷೇರು ಹಾಕಿ ತೆರೆದದ್ದು. ಅದಕ್ಕೊಂದು ಕಮಿಟಿ, ಕಮಿಟಿಯಲ್ಲಿ ಡೈರೆಕ್ಟರುಗಳು, ಅವರಲ್ಲಿ ನಾನೂ ಒಬ್ಬ. ಹಗಲೆಲ್ಲ ಆಫೀಸಿನಲ್ಲಿ 'ಎಸ್ ಸಾರ್' ಅನ್ನುವವನನ್ನು ಸಂಜೆ ಯಾರಾದರೂ 'ಡೈರೆಕ್ಟರ್ ಸಾರ್' ಅಂತ ಕರೆದರೆ ಎಷ್ಟು ಹಿತವಾಗಿರುತ್ತದೆ! ಗುಮಾಸ್ತರಾಗಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯ ಬಾಗಿಲ ಮೇಲೆ ದೊಡ್ಡ ಬೋರ್ಡಿದೆ: 'ಈ ಅಂಗಡಿಗೆ ನೀವೇ ಮಾಲೀಕರು.' ಒಕ್ಕಣೆ ನನ್ನದೇ. (ಪೇಂಟರ್ ಒಂದು ದೀರ್ಘ ನುಂಗಿ 'ಮಾಲಿಕರು' ಮಾಡಿದ್ದಾನೆ. ಅದು ಬೇರೆ ವಿಷಯ.)

ಇಷ್ಟೆಲ್ಲ ಇದ್ದೂ ನಮ್ಮ ಮನೆಗೆ ದಿನಸಿ ಬರುತ್ತಿದ್ದದ್ದು ಮಾಗಡಿ ರಸ್ತೆಯ ಶೆಟ್ಟರ ಅಂಗಡಿಯಿಂದ! ನನ್ನ ಹೆಂಡತಿ ಜಾನಕಿ ನಮ್ಮ ಸ್ಟೋರಿನ ಮುಂದೆಯೇ, ಶೆಟ್ಟರ ಪೊಟ್ಟಣಗಳು ತುಂಬಿದ ಚೀಲ ಹಿಡಿದು ಹಾದುಹೋಗುತ್ತಿದ್ದಳು. ಅದು ನಮ್ಮ ಅಧ್ಯಕ್ಷರ ಕಣ್ಣಿಗೆ ಬಿತ್ತು. ಅಧ್ಯಕ್ಷರು ರಂಗರಾವ್ ಮೇಷ್ಟ್ರು, ರಿಟೈರಾದ ಲೆಕ್ಕದ ಮೇಷ್ಟ್ರು.

"ಏನ್ರೀ ಇದು? ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋ ಹಾಗಾಯ್ತಲ್ಲ! ಭಾನುವಾರ ಜನರಲ್ ಬಾಡಿ ಮೀಟಿಂಗು. ಅದರೊಳಗೆ ನಿಮ್ಮ ಮನೆಯವರು ನಮ್ಮ ಸ್ಟೋರಿಗೆ ಬರಬೇಕು. ಇಲ್ಲ ಅಂದ್ರೆ ನೀವೇ ರಾಜೀನಾಮೆ ಕೊಟ್ಟುಬಿಡಿ."

ಮನೆಗೆ ಬಂದು ಜಾನಕಿಯನ್ನು ಕೇಳಿದೆ. ನಮ್ಮ ಸ್ಟೋರಿಗೆ ಏನು ಕಡಿಮೆ? ಬೇಳೆ ಕೆಟ್ಟದಾ? ತೂಕ ಮೋಸವಾ?

"ಕೊಸರು ಹಾಕಲ್ಲ," ಅಂದಳು.

ಕೊಸರು! ತೂಕವೆಲ್ಲ ಆದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಒಂದು ಚೂರು. ಸೊಪ್ಪಿನವಳು ಕಂತೆಯ ಜೊತೆ ಎಸೆಯುವ ನಾಲ್ಕು ಕಡ್ಡಿ ಕೊತ್ತಂಬರಿ. ಇದಕ್ಕಾಗಿ ಬಿಸಿಲಲ್ಲಿ ಮಾಗಡಿ ರಸ್ತೆಗೆ ನಡೆಯುವುದೇ?

"ಶೆಟ್ಟರ ತಕ್ಕಡೀನೇ ಸರಿ ಇಲ್ಲ ಕಣೇ. ತೂಕದಲ್ಲಿ ಕದ್ದದ್ದನ್ನೇ ಆಮೇಲೆ ಕೊಸರು ಅಂತ ಕೊಡ್ತಾರೆ."

"ಗೊತ್ತು ಕಣ್ರೀ."

"ಗೊತ್ತಿದ್ದೂ ಹೋಗ್ತೀಯಾ?"

"ನಮ್ಮದನ್ನೇ ಕೊಡಲಿ, ಕೈಯೆತ್ತಿ ಕೊಡ್ತಾರಲ್ಲ. ನಿಮ್ಮ ಹನುಮಂತಯ್ಯ ಮೊದಲು ಧಾರಾಳವಾಗಿ ಸುರೀತಾನೆ, ಆಮೇಲೆ ಚಿಟಿಕೆ ಚಿಟಿಕೆ ವಾಪಸ್ ತೆಗೀತಾನೆ. ಎಲೆಗೆ ಬಡಿಸಿದ್ದನ್ನ ಎತ್ತಿಕೊಂಡ ಹಾಗಾಗತ್ತೆ ನಂಗೆ."

ಹನುಮಂತಯ್ಯ ನಮ್ಮ ಸೇಲ್ಸ್‌ಮನ್. ಸತ್ಯಸಂಧ. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಉಸಿರು ಬಿಡುವುದಿಲ್ಲ. ಅವನ ಈ ಗುಣವನ್ನೇ ನಾನು ಭಾಷಣದಲ್ಲಿ ಹೊಗಳಿದ್ದೆ.

ಅಂತೂ ಕಾಡಿ ಬೇಡಿ ಶನಿವಾರ ಅವಳನ್ನು ಕರೆದುಕೊಂಡು ಹೋದೆ. ಬಿನ್ನಿಪೇಟೆಯ ಕಡೆಯಿಂದ ಮಿಲ್ಲಿನ ಸೈರನ್ನು ಕೂಗುವ ಹೊತ್ತು. ಅಂಗಡಿಯ ತುಂಬ ಹೆಂಗಸರು. ರಂಗರಾವ್ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತಿದ್ದರು. ಜಾನಕಿಯನ್ನು ಕಂಡು ನನಗೆ ತಲೆಯಾಡಿಸಿದರು. ಪಾಸು ಎಂದು ಅರ್ಥ.

ಹನುಮಂತಯ್ಯ ಬೇಳೆ ಸುರಿದ. ತಟ್ಟೆ ಕೆಳಗಿಳಿಯಿತು. ಚಿಟಿಕೆ ತೆಗೆದ. ಇನ್ನೊಂದು ಚಿಟಿಕೆ ತೆಗೆದ. ಕೊನೆಗೆ ಬೇಳೆಕಾಳನ್ನು ಒಂದೊಂದೇ ಎತ್ತತೊಡಗಿದ. ಮುಳ್ಳು ನೆಟ್ಟಗಾಯಿತು.

"ಕೊಸರು?" ಅಂದಳು ಜಾನಕಿ.

"ಇಲ್ಲಮ್ಮ. ರೂಲಲ್ಲಿಲ್ಲ."

"ಈ ಅಂಗಡಿಗೆ ಮಾಲೀಕರು ಯಾರು?"

"ನೀವೇ ಅಲ್ವ್ರಾ ಅಮ್ಮಾ. ಬೋರ್ಡಲ್ಲೇ ಬರ್ದೈತೆ."

"ಹಾಗಾದ್ರೆ ಮಾಲೀಕರೇ ಹೇಳ್ತಾ ಇದೀನಿ. ಹಾಕಿ."

ಹನುಮಂತಯ್ಯ ನನ್ನ ಮುಖ ನೋಡಿದ. ನಾನು ಬೆಲ್ಲದ ಮೂಟೆ ನೋಡಿದೆ. ಹಿಂದಿದ್ದ ಹೆಂಗಸು, "ನಾನೂ ಮಾಲೀಕಳೇ, ನಂಗೂ ಹಾಕ್ಬೇಕು," ಅಂದಳು. ಶ್ರೀಗಂಧದ ಕಾವಲಿನಿಂದ ಅವರೆಕಾಯಿ ಮಾರಲು ಬಂದು, ಹಾಗೇ ಉಪ್ಪು ಕೊಳ್ಳಲು ನಿಂತಿದ್ದ ಬೋರಮ್ಮ, "ಕೊಸ್ರು ಹಾಕ್ದಿರೋ ಕೈಗೆ ಕೊಳ್ಳೋರು ಬತ್ತಾರೇನಪ್ಪಾ!" ಎಂದು ಒಗ್ಗರಣೆ ಹಾಕಿದಳು.

ಮೇಷ್ಟ್ರು ಎದ್ದರು. "ತಾಯೀ, ಎಲ್ಲರಿಗೂ ಒಂದೊಂದು ಹಿಡಿ ಕೊಟ್ಟರೆ ನಷ್ಟ ಯಾರಿಗೆ? ನಮಗೇ!"

"ನಮ್ಮದು ನಮಗೇ ಬಂದರೆ ನಷ್ಟ ಹೇಗಾಗತ್ತೆ ಮೇಷ್ಟ್ರೇ?"

ಉತ್ತರ ಸಿಗದಿದ್ದಾಗ ಗಂಡಸರು ಏನು ಮಾಡುತ್ತೇವೆ? ರೂಲು ತೆಗೆಯುತ್ತೇವೆ. ಲೆಕ್ಕದ ಮೇಷ್ಟ್ರೂ ತೆಗೆದರು.

"ಅದಿರಲಿ. ಮಾಲೀಕರು ಅಂದ್ರೆ ಷೇರು ಇರೋರು. ನಿಮ್ಮ ಮನೆ ಷೇರು ನಿಮ್ಮ ಯಜಮಾನರ ಹೆಸರಲ್ಲಿದೆ. ಇಲ್ಲಿ ನಿಂತಿರೋರಲ್ಲಿ ಒಬ್ಬರ ಹೆಸರಲ್ಲೂ ಷೇರಿಲ್ಲ."

ನಿಜ ತಾನೇ? ಮಾಲೀಕರಾದ ನಾವು ಯಾರೂ ಹುಟ್ಟಿದಾಗಿನಿಂದ ಒಂದು ಸೇರು ಬೇಳೆ ಕೊಂಡವರಲ್ಲ. ಕೊಳ್ಳುವವರು ಯಾರೂ ಮಾಲೀಕರಲ್ಲ. ಜಾನಕಿ ಚೀಲ ಮಡಿಚಿದಳು. ಅವಳ ಹಿಂದೆ ಇನ್ನೊಂದು ಚೀಲ ಮಡಿಚಿಕೊಂಡಿತು, ಮತ್ತೊಂದೂ. ಎಲ್ಲರ ಮುಖ ಮಾಗಡಿ ರಸ್ತೆಯ ಕಡೆಗೆ. ನನ್ನ ಪದವಿಯೂ ಅವರ ಜೊತೆಗೇ ಹೊರಟಿತ್ತು.

ನನಗೆ ದಿಗಿಲಾಯಿತು. ಕೌಂಟರಿನ ಒಳಗೆ ನುಗ್ಗಿದೆ. "ಸರೀರಿ ಹನುಮಂತಯ್ಯ!" ಅಂದವನೇ ತಟ್ಟೆಯ ಬೇಳೆಯನ್ನು ಮೂಟೆಗೆ ಸುರಿದೆ. ಮತ್ತೆ ಹಾಕಿದೆ, ಬೇಕೆಂದೇ ಕಡಿಮೆ ಹಾಕಿದೆ. ಆಮೇಲೆ ಶೆಟ್ಟರ ಹಾಗೆ ಕೈ ಮೇಲೆತ್ತಿ, "ಇದು ನಿಮಗೆ!" ಅಂತ ಒಂದು ಹಿಡಿ. "ಇದು ಮಕ್ಕಳಿಗೆ!" ಅಂತ ಇನ್ನೊಂದು ಹಿಡಿ. ಮುಳ್ಳು ನೆಟ್ಟಗೆ ನಿಂತಿತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ.

ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿರಾ? ಎಲ್ಲರಿಗೂ ಗೊತ್ತಾಯಿತು. ಆದರೂ ಬೋರಮ್ಮ, "ಹಂಗೆ ಹಾಕ್ಬೇಕು ಕಣಪ್ಪ!" ಅಂದಳು. ಜಾನಕಿ ನನ್ನ ಮುಖವನ್ನೇ ನೋಡಿದಳು. ತುಟಿಯ ತುದಿಯಲ್ಲಿ ನಕ್ಕು, ಚೀಲದ ಬಾಯಿ ತೆರೆದಳು. ನನಗೆ ಹೋದ ಜೀವ ಬಂದಹಾಗಾಯಿತು.

ಭಾನುವಾರದ ಮೀಟಿಂಗಿನಲ್ಲಿ ನನಗೆ ಭರ್ಜರಿ ಚಪ್ಪಾಳೆ. ಇನ್ನು ಮುಂದೆ ಹನುಮಂತಯ್ಯ ಮೊದಲು ಕಡಿಮೆ ಸುರಿದು ಆಮೇಲೆ ಕೈಯೆತ್ತಿ ಹಾಕಬೇಕು ಎಂದು ತೀರ್ಮಾನವೂ ಆಯಿತು. ಕೊನೆಯಲ್ಲಿ ಯಾರೋ ಒಬ್ಬರು, "ಹೆಂಗಸರ ಹೆಸರಿಗೂ ಷೇರು ಕೊಟ್ಟರೆ ಹೇಗೆ?" ಅಂದರು. ಎಲ್ಲರೂ ನನ್ನತ್ತ ತಿರುಗಿದರು. ಪದವಿ ಭದ್ರವಾಗಿದ್ದವನ ಗತ್ತಿನಲ್ಲಿ ನಾನು, "ಅಳೆದು ಸುರಿದು ನೋಡೋಣ. ಏನವಸರ?" ಅಂದೆ. ಜನ ನಕ್ಕರು. ಆ ಮಾತು ನನಗಿಂತ ಮೊದಲೇ ಮನೆ ಸೇರಿತ್ತು.

ರಾತ್ರಿ ಊಟಕ್ಕೆ ಕೂತೆ. ಅದೇ ತೊಗರಿಬೇಳೆಯ ಹುಳಿ, ಘಮಘಮ. ಜಾನಕಿ ಸೌಟು ತುಂಬಿಸಿದಳು. ನಿಧಾನವಾಗಿ ಬಗ್ಗಿಸಿ, ಅಂಚಿಗಿಂತ ಮೇಲಿದ್ದದ್ದನ್ನು ಪಾತ್ರೆಗೇ ಇಳಿಸಿ, ಉಳಿದದ್ದನ್ನು ಅನ್ನದ ಮೇಲೆ ಹಾಕಿದಳು. ಹೊರಟೇಬಿಟ್ಟಳು.

"ಇನ್ನೊಂದು ಚೂರು ಹಾಕೇ," ಅಂದೆ.

ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

"ಈ ಅಡುಗೆಮನೇಲಿ ನಿಮ್ಮ ಹೆಸರಲ್ಲಿ ಷೇರಿದೆಯೇನ್ರೀ?"