ಕಲ್ಲೇಶಪ್ಪನ ಡಿಮ್ಮು, ಧರ್ಮಾವತಮ್ಮನ ಹೊತ್ತು

ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುತ್ತಿದ್ದ ಬಸ್ಸಿನ ಡ್ರೈವರ್ ಕಲ್ಲೇಶಪ್ಪನಿಗೆ ಬರುತ್ತಿದ್ದ ಇಂಗ್ಲಿಷು ಒಂದೇ ಒಂದು ಪದ. ಆದರೆ ಆ ಒಂದು ಪದವನ್ನು ಅವನು ದುಡಿಸಿಕೊಂಡಷ್ಟು, ಬಿ.ಎ. ಮಾಡಿದವರು ತಮ್ಮ ಇಡೀ ಇಂಗ್ಲಿಷನ್ನೂ ದುಡಿಸಿಕೊಂಡಿರಲಾರರು. ಆ ಪದ ‘ಡಿಮ್’.

ಬೇಲೂರಿನಾಚೆಯ ಕಾಫಿ ತೋಟದ ಬಿಳಿ ದೊರೆಯ ಹತ್ತಿರ ಅವನು ಕಾರು ಓಡಿಸಲು ಕಲಿತದ್ದು. ಕತ್ತಲಲ್ಲಿ ಎದುರಿಗೆ ಎತ್ತಿನ ಗಾಡಿ ಬಂದರೆ ದೊರೆ ಹಿಂದಿನ ಸೀಟಿನಿಂದಲೇ ‘ಡಿಮ್! ಡಿಮ್!’ ಎಂದು ಅರಚುತ್ತಿದ್ದ. ದೊಡ್ಡ ದೀಪ ಆರಿಸು, ಚಿಕ್ಕದು ಹಾಕು, ಎತ್ತುಗಳು ಬೆದರಿಯಾವು ಎಂದು ಅರ್ಥ. ದೊರೆಗೆ ಅಷ್ಟೇ ಸಾಕಾಗಿತ್ತು, ಕಲ್ಲೇಶಪ್ಪನಿಗೆ ಸಾಕಾಗಲಿಲ್ಲ. ಹೋಟೆಲಿನ ಕಾಫಿ ನೀರಾಗಿದ್ದರೆ ಡಿಮ್ಮು. ಏರು ಹತ್ತುವಾಗ ಇಂಜಿನ್ನು ಏದುಸಿರು ಬಿಟ್ಟರೆ ಡಿಮ್ಮು. ಹೆಂಡತಿ ಜಾನಕಮ್ಮ ಮುಖ ಊದಿಸಿಕೊಂಡ ದಿನ, “ಇವತ್ತು ಮನೇಲಿ ವಸಿ ಡಿಮ್ಮು ಕಣ್ರೀ.” ಕಂಡಕ್ಟರ್ ಪುಟ್ಟಯ್ಯನ ತಲೆಯಂತೂ ಹುಟ್ಟಾ ಡಿಮ್ಮು.

ವಾರಕ್ಕೊಮ್ಮೆ ಅರಸೀಕೆರೆಗೆ ಹೋಗಿಬರುತ್ತಿದ್ದ ಹಳೇಬೀಡಿನ ಇಂದುಧರ ಮೇಷ್ಟರು ಮುಂದಿನ ಸೀಟಿನವರು. ಅವರಿಗೆ ಮೊದಮೊದಲು ಇದನ್ನು ಕೇಳಿ ಮೈ ಉರಿಯುತ್ತಿತ್ತು. ಒಂದು ದಿನ ಮನೆಗೆ ಹೋಗಿ ನಿಘಂಟು ತೆಗೆದು ನೋಡಿದರು. ಮರುವಾರ ಬಸ್ಸು ಹತ್ತಿದವರೇ, “ಲೋ ಕಲ್ಲೇಶಪ್ಪ, ಇಂಗ್ಲಿಷರೂ ನಿನ್ನ ಹಾಗೇ ಅಂತಾರೆ ಕಣಯ್ಯ! ಮಂಜಾದ ಕಣ್ಣಿಗೂ ಡಿಮ್ಮು, ಮಾಸಿದ ನೆನಪಿಗೂ ಡಿಮ್ಮು, ಓಡದ ತಲೆಗೂ ಡಿಮ್ಮು” ಎಂದರು. ಕಲ್ಲೇಶಪ್ಪ ಉಬ್ಬಿಹೋದ. “ಅಂಗಾರೆ ಅವರೂ ನಮ್ಮ ಕಡೆಯೋರೇ ಅನ್ನಿ ಮೇಷ್ಟ್ರೇ” ಎಂದ.

ಇಂಥ ಮನುಷ್ಯ ಒಂದೇ ಒಂದು ಸಲ ಆ ಪದವನ್ನು ಹಿಡಿದುಕೊಂಡು ಅಳುವಂತಾದದ್ದು ಮೂವತ್ತೆಂಟನೆಯ ಇಸವಿಯ ಕಾರ್ತಿಕದಲ್ಲಿ.

ಅವತ್ತು ಹುಬ್ಬಳ್ಳಿ ಕಡೆಯ ರೈಲು ಮೂರು ಗಂಟೆ ತಡ. ರೈಲು ಬಾರದೆ ಬಸ್ಸು ಹೊರಡುವಂತಿಲ್ಲ. ಕೊನೆಗೂ ಬಂತು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನ ವ್ಯಾಪಾರಿ ನೇಮಿಚಂದ್ರ ತನ್ನ ತಾಯಿ ಧರ್ಮಾವತಮ್ಮನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಸ್ಸು ಹತ್ತಿಸಿದ. ಎಪ್ಪತ್ತು ದಾಟಿದ ಮುದುಕಿ. ತುಟಿ ಬಿರಿದಿತ್ತು, ಕಣ್ಣು ಒಳಗೆ ಹೋಗಿತ್ತು.

“ಏನಾಗೈತೆ ಸ್ವಾಮಿ ಅಮ್ಮಾರಿಗೆ?” ಎಂದು ಕಲ್ಲೇಶಪ್ಪ ಕೇಳಿದ.

“ನೋಂಪಿಯ ಉಪವಾಸ ಹಿಡಿದಿದ್ದಾರಪ್ಪ. ನಿನ್ನೆಯಿಂದ ಹನಿ ನೀರಿಲ್ಲ. ಇವತ್ತು ಮಧ್ಯಾಹ್ನ ಮನೇಲಿ ಪಾರಣೆ ಆಗಬೇಕಿತ್ತು, ಈ ರೈಲು ಹೀಗೆ ಮಾಡ್ತು. ಮನೆ ಬಾವಿಯ ನೀರೇ ಆಗಬೇಕು, ಬಟ್ಟೇಲಿ ಸೋಸಿದ್ದೇ ಆಗಬೇಕು, ಸೂರ್ಯ ಇರೋವಾಗಲೇ ಆಗಬೇಕು. ಮುಳುಗಿದರೆ ಇನ್ನು ನಾಳೆ ಬೆಳಿಗ್ಗೆಯೇ.” ನೇಮಿಚಂದ್ರ ದನಿ ತಗ್ಗಿಸಿದ. “ಬೆಳಗಿನ ತನಕ ತಡೀತಾರೆ ಅಂತ ನನಗೆ ಧೈರ್ಯ ಇಲ್ಲ.”

ಕಲ್ಲೇಶಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ ಮೇಷ್ಟರ ಗಡಿಯಾರ ನೋಡಿದ. ಮೂರೂವರೆ. ಆರಕ್ಕೆ ಹೊತ್ತು ಮುಳುಗುತ್ತದೆ. ಅವನ ಮೈಯಲ್ಲಿ ಅದೇನೋ ಸಂಚಾರವಾಯಿತು. “ಪುಟ್ಟಯ್ಯ, ಹೊಡಿಯೋ ಸೀಟಿ!” ಎಂದವನು ಬಸ್ಸನ್ನು ಬಿಟ್ಟ ನೋಡಿ!

ಬಾಣಾವರದಲ್ಲಿ ಹತ್ತುವವರು ಹತ್ತುವಷ್ಟರಲ್ಲಿ ಬಸ್ಸು ಹೊರಟಾಗಿತ್ತು. ಜಾವಗಲ್ಲಿನಲ್ಲಿ ಕಾಫಿ ಕುಡಿಯಲು ಇಳಿದವರನ್ನು ಪುಟ್ಟಯ್ಯ ಲೋಟದ ಸಮೇತ ಎಳೆದು ತಂದ. ಬೈಯಲು ಬಾಯಿ ತೆರೆದವರು ಮುದುಕಿಯ ಮುಖ ನೋಡಿ ಸುಮ್ಮನಾದರು. ಆಮೇಲೆ ಅವರೇ “ಇನ್ನೂ ವಸಿ ಬಿಡಪ್ಪ!” ಎಂದು ಹುರಿದುಂಬಿಸತೊಡಗಿದರು. ಇಡೀ ಬಸ್ಸಿಗೆ ಬಸ್ಸೇ ಸೂರ್ಯನ ಜೊತೆ ಪಂದ್ಯ ಕಟ್ಟಿದಂತಿತ್ತು.

ಹಳೇಬೀಡು ಇನ್ನೆರಡು ಮೈಲಿ ಇರುವಾಗ ಮೋಡ ಕವಿಯಿತು. ರಸ್ತೆಯ ಎರಡೂ ಕಡೆ ಆಲದ ಮರಗಳ ಸಾಲು ಬೇರೆ. ಒಳಗೆ ನುಗ್ಗಿದರೆ ಕಣ್ಣಿಗೆ ಕೈ ಕಾಣದಷ್ಟು ಮಬ್ಬು. ಎದುರಿಗೆ ಹುಲ್ಲಿನ ಗಾಡಿಗಳು ಬರುತ್ತಿದ್ದವು. ಕಲ್ಲೇಶಪ್ಪ ಯೋಚಿಸಲಿಲ್ಲ. ಹದಿನೈದು ವರ್ಷದಿಂದ ಹೋದಲ್ಲಿಗೇ ಅವನ ಕೈ ಹೋಯಿತು, ಡಿಮ್ಮು ಹತ್ತಿತು.

ರಸ್ತೆಯ ಮೇಲೆ ಹಳದಿ ಬೆಳಕು ಬಿದ್ದದ್ದು ಧರ್ಮಾವತಮ್ಮನಿಗೆ ಕಂಡಿತು. ಅವರು ಕೈ ಮುಗಿದು, ತುಟಿಯಲ್ಲೇ ಣಮೋಕಾರ ಮಂತ್ರ ಹೇಳಿಕೊಂಡರು. “ಆಯ್ತು ನೇಮಿ. ದೀಪ ಹಚ್ಚಾಯ್ತಲ್ಲ. ಇನ್ನು ನಾಳೆ” ಎಂದರು.

ಕಲ್ಲೇಶಪ್ಪ ಥಟ್ಟನೆ ದೀಪ ಆರಿಸಿದ. “ಅಮ್ಮಾ, ಅದು ದೀಪ ಅಲ್ಲ ತಾಯಿ, ಬರೀ ಡಿಮ್ಮು!”

“ಬತ್ತಿ ಸಣ್ಣದಾದರೂ ದೀಪ ದೀಪವೇ ಕಣಪ್ಪ. ಹೊತ್ತು ಮುಳುಗದೆ ಯಾರಾದರೂ ದೀಪ ಹಚ್ತಾರಾ?”

“ಅಮ್ಮ, ಇನ್ನೂ ಐದೂ ಇಪ್ಪತ್ತೈದು” ಎಂದು ಮೇಷ್ಟರು ಗಡಿಯಾರವನ್ನೇ ಅವರ ಮುಂದೆ ಹಿಡಿದರು.

“ಗಡಿಯಾರ ನೋಡಿ ನಾನು ಎಂದೂ ಉಂಡವಳಲ್ಲ ಮೇಷ್ಟ್ರೇ. ಸೂರ್ಯನ್ನ ನೋಡಿ ಉಂಡವಳು” ಎಂದು ಅವರು ಕಣ್ಣು ಮುಚ್ಚಿಕೊಂಡರು. ಕೋಪವಿಲ್ಲ, ದುಃಖವಿಲ್ಲ. ಅದೇ ಕಲ್ಲೇಶಪ್ಪನನ್ನು ಕೊಂದದ್ದು. ಅವನ ಕಣ್ಣಲ್ಲಿ ನೀರು ತುಂಬಿ ರಸ್ತೆಯೇ ಕಾಣದಾಯಿತು. ತನ್ನ ಬಾಯಿಂದ ದಿನಕ್ಕೆ ನೂರು ಸಲ ಉದುರುತ್ತಿದ್ದ ಆ ಪದದ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ಆಮೇಲೆ ಅವನಿಗೆ ಹೊಳೆಯಿತು. ಮರದ ಸಾಲು ಮುಗಿದ ಕೂಡಲೇ ಬಲಕ್ಕೊಂದು ದಿಣ್ಣೆ ಇದೆ. ಗಾಡಿಜಾಡು ಅದರ ನೆತ್ತಿಗೆ ಹೋಗುತ್ತದೆ. ಮೇಲಿಂದ ಪಡುವಣದ ಇಡೀ ಬಯಲು ಕಾಣುತ್ತದೆ. ಯಾರನ್ನೂ ಕೇಳದೆ ಬಸ್ಸನ್ನು ರಸ್ತೆ ಬಿಡಿಸಿ ದಿಣ್ಣೆಗೆ ಹತ್ತಿಸಿಬಿಟ್ಟ!

“ಏನ್ಲಾ ಇದು, ಬಸ್ಸಾ, ಎತ್ತಿನ ಗಾಡಿಯಾ?” ಎಂದು ಪುಟ್ಟಯ್ಯ ಕಂಬಿ ಹಿಡಿದು ಕಿರುಚಿದ. ಮೂಟೆಗಳು ಉರುಳಿದವು. ಕೋಳಿಯೊಂದು ಮೇಷ್ಟರ ರುಮಾಲಿನ ಮೇಲೆ ಕೂತಿತು. ಅರ್ಧ ದಾರಿಯಲ್ಲಿ ಇಂಜಿನ್ನು ಕೈಕೊಟ್ಟಿತು. ಬೇಲೂರಿಗೆ ಹೋಗಬೇಕಾದವರೇ ಇಳಿದು ಹೆಗಲು ಕೊಟ್ಟು ‘ಐಸಾ!’ ಎಂದು ತಳ್ಳಿದರು. ಬಸ್ಸು ನೆತ್ತಿಗೆ ಬಂತು.

ಮೋಡ ನೆಲದವರೆಗೂ ಇಳಿದಿರಲಿಲ್ಲ. ಅದರ ಅಂಚಿಗೂ ಬಯಲಿನ ಅಂಚಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಆ ಜಾಗದಲ್ಲಿ ಸೂರ್ಯ ಇದ್ದ. ಕೆಂಪಗೆ, ದುಂಡಗೆ, ಪೂರ್ತಿ ಇದ್ದ.

“ಕಣ್ಣು ಬಿಡವ್ವಾ! ನೋಡವ್ವಾ!” ಎಂದು ಕಲ್ಲೇಶಪ್ಪ ಕೂಗಿದ.

ಧರ್ಮಾವತಮ್ಮ ಕಣ್ಣು ಬಿಟ್ಟರು. ಬಹಳ ಹೊತ್ತು ನೋಡಿದರು. “ಇದ್ದಾನೆ” ಎಂದರು, ಸಣ್ಣ ಹುಡುಗಿಯ ಹಾಗೆ ನಗುತ್ತ. “ಬೇಗ ನಡಿಯಪ್ಪ!”

ಬಸ್ಸಿನಲ್ಲಿ ಎದ್ದ ಗದ್ದಲ ಹೇಳತೀರದು. ಪುಟ್ಟಯ್ಯ ಮೂಟೆ ಹೇರುವ ಏಣಿ ಹತ್ತಿ ಬಸ್ಸಿನ ನೆತ್ತಿಯ ಮೇಲೇ ನಿಂತ. ದಿಣ್ಣೆ ಇಳಿದು, ಹಳೇಬೀಡಿನ ಬೀದಿ ದಾಟಿ, ಬಸ್ತಿಹಳ್ಳಿಯ ಕಡೆ ಹೊರಳುವವರೆಗೂ ಅವನದೊಂದೇ ಕೂಗು: “ಐತೆ ಕಣಣ್ಣಾ! ಇನ್ನೂ ಐತೆ!” ಓಣಿಯ ಜನ ಸೂರ್ಯನಿಗೇನೋ ಆಗಿದೆ ಎಂದು ಹೊರಗೋಡಿ ಬಂದರು. ಬಸ್ಸು ಬೇಲೂರಿನ ದಾರಿ ಬಿಟ್ಟು ನೇಮಿಚಂದ್ರನ ಮನೆಯ ಬಾಗಿಲಿಗೇ ಹೋಗಿ ನಿಂತಿತು.

ಸೊಸೆ ಶೀಲಾವತಿ ಆಗಲೇ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ನೇಮಿಚಂದ್ರ ತಾಯಿಯನ್ನು ಇಳಿಸಿ ಜಗಲಿಯಲ್ಲಿ ಕೂರಿಸಿದ. ಮುದುಕಿ ಬೊಗಸೆಯೊಡ್ಡಿ ನೀರು ಕುಡಿದರು. ಗಂಟಲಲ್ಲಿ ಗುಟುಕು ಇಳಿಯುವ ಸದ್ದು ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿತು.

“ಅರ್ಧ ಐತೆ!” ಎಂದ ಪುಟ್ಟಯ್ಯ ಮೇಲಿನಿಂದ.

ಶೀಲಾವತಿ ಗಂಜಿಯ ಬಟ್ಟಲು ತಂದಳು. ಧರ್ಮಾವತಮ್ಮ ಅದನ್ನು ಮುಟ್ಟಲಿಲ್ಲ. ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಕಲ್ಲೇಶಪ್ಪನನ್ನು ನೋಡಿ, “ನೀನು ಯಾವಾಗ ಉಂಡದ್ದಪ್ಪ?” ಎಂದರು.

“ನಂದಿರಲಿ ತಾಯಿ, ನೀವು ಕುಡೀರಿ. ಆ ದೀಪ ಹಾಕಿದ್ದು ನನ್ನ ತಪ್ಪು...”

“ಯಾವಾಗ ಉಂಡದ್ದು ಅಂದೆ.”

“ಬೆಳಿಗ್ಗೆ, ತಾಯಿ.”

“ಶೀಲಾ, ಇವನಿಗೆ ಹಾಕು ಮೊದಲು. ಹೊತ್ತು ಮುಳುಗಿದ ಮೇಲೆ ಈ ಮನೇಲಿ ಯಾರಿಗೂ ಬಡಿಸೋ ಹಾಗಿಲ್ಲ. ಬಾಗಿಲಿಗೆ ಬಂದವನು ಹಸಿದು ಹೋಗಬಾರದು.”

“ನಿಮ್ಮ ಪಾರಣೆ ಮುಗೀಲಿ ತಾಯಿ!” ಎಂದು ಕಲ್ಲೇಶಪ್ಪ ಅಂಗಲಾಚಿದ.

“ಕಾಲು ಭಾಗ ಐತೆ! ಬೇಗ!” ಪುಟ್ಟಯ್ಯನ ದನಿ ಒಡೆದುಹೋಗಿತ್ತು.

“ನೀನು ಕೂತರೆ ನನ್ನದೂ ಆಗ್ತದೆ. ನಿಂತೇ ಇದ್ದರೆ ಇಬ್ಬರದೂ ಇಲ್ಲ” ಎಂದರು ಧರ್ಮಾವತಮ್ಮ.

ಕಲ್ಲೇಶಪ್ಪ ದೊಪ್ಪನೆ ಕೂತ. ಎಲೆಗೆ ಬಿದ್ದ ಬಿಸಿ ಅನ್ನವನ್ನು ಬಾಯಿ ಸುಡುತ್ತಿದ್ದರೂ ತುತ್ತು ತುತ್ತಾಗಿ ನುಂಗಿದ, ಮಗುವಿನಂತೆ ಅಳುತ್ತ. ಅವನು ಮೊದಲ ತುತ್ತು ಎತ್ತಿದ್ದನ್ನು ನೋಡಿದ ಮೇಲೆಯೇ ಆಕೆ ಬಟ್ಟಲನ್ನು ಬಾಯಿಗೆ ಹಿಡಿದದ್ದು.