ಚಿತ್ರವಾಗಿ ಹೋದ ಬೀಸುವ ಪದಗಳು

ಕಾದ ಧೂಳಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು, ನೆನಪು ಆಮೇಲೆ. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಕಾನ ಕಂಪ್ಯೂಟರ್ ಇತ್ತು. ಡಬ್ಬಿಯಂಥ ಅದರ ಮಾನಿಟರ್ ತಾಸುಗಟ್ಟಲೆ ಕಾದು ಹಾಗೆ ನಾರುತ್ತಿತ್ತು. ಅಪ್ಪನ ತಮ್ಮನಾದ ಕಾಕಾ ಊರಿನ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಕಟ್ಟಿಕೊಡುತ್ತಿದ್ದ. ಪುಟವನ್ನು ಕೋಷ್ಟಕದ ಹಾಗೆ ಮನೆ ಮನೆ ಮಾಡಿ ಎಲ್ಲವನ್ನೂ ಅದರೊಳಗೆ ಕೂರಿಸುವುದು, ಮೇಲೊಂದು ಓಡುವ ಸಾಲು, ಕೆಳಗೊಂದು ಮಿಣುಕುವ ದೀಪ. ಅವನ ವಿದ್ಯೆಯೆಲ್ಲ ಇಷ್ಟೇ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

ಅವ್ವನ ಹತ್ತಿರ ಒಂದು ನೋಟುಪುಸ್ತಕವಿತ್ತು. ಹರ್ತಿಯ ತವರಿನಲ್ಲಿ ಅವಳ ತಾಯಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಪಕ್ಕದಲ್ಲೇ ಕುಳಿತು ಬರೆದುಕೊಂಡಿದ್ದಳು. ಕೈ ನಿಂತರೆ ಅಜ್ಜಿಗೆ ಹಾಡೂ ಮರೆಯುತ್ತಿತ್ತಂತೆ. ಪದ ಪೂರಾ ಸಿಗಲೆಂದು ಅವ್ವ ಬೇಕಂತಲೇ ಇನ್ನೊಂದು ಹಿಡಿ ಜೋಳ ಹಾಕುತ್ತಿದ್ದಳಂತೆ. ಅಜ್ಜಿ ಹೋದ ಮೇಲೆ ಕಾಕಾ, "ವೈನಿ, ಪುಸ್ತಕ ಕೊಡ್ರಿ, ಜಗತ್ತಿಗೇ ತೋರಿಸ್ತೀನಿ" ಎಂದ. ಆಗ ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲಿ ಮೂಡುತ್ತಿರಲಿಲ್ಲ. ಅದಕ್ಕೇ ಪ್ರತಿ ಪದವನ್ನೂ ಚಿತ್ರ ಮಾಡಿ, ಪುಟ ಬೇಗ ತೆರೆಯಲೆಂದು ಚೂರು ಚೂರು ಕತ್ತರಿಸಿ, ಕೋಷ್ಟಕದಲ್ಲಿ ಜೋಡಿಸಿದ. ಚಿತ್ರ ಕಾಣದಿದ್ದರೆ ಓದಲೆಂದು ಅದರ ಹಿಂದೆ ಮಾತು ಬರೆಯುವ ಜಾಗವಿರುತ್ತಿತ್ತು. "ಅದನ್ಯಾರು ನೋಡ್ತಾರ ಬಿಡು" ಎಂದು ಖಾಲಿ ಬಿಟ್ಟ. ದಸರೆಗೆ ಮನೆ ತೊಳೆಯುವಾಗ ಪುಸ್ತಕವನ್ನೂ ರದ್ದಿಗೆ ಹಾಕಿದ. ಅವ್ವ ಕೇಳಿದರೆ ನಕ್ಕ: "ಆ ಹರಕ ಪುಸ್ತಕ ಇನ್ಯಾಕ್ರಿ ವೈನಿ? ಈಗ ಅದು ಎಲ್ಲಾ ಕಡೆ ಐತಿ." ಅವ್ವ ನಂಬಿದಳು, ನಾನೂ ನಂಬಿದೆ. ಆ ನಂಬಿಕೆಗಿಷ್ಟು ಬೆಂಕಿ ಬೀಳಲಿ.

ಪುಟಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಹೇಳದೆ ಕೇಳದೆ ಬಾಗಿಲು ಮುಚ್ಚಿತು, ಕಂಪ್ಯೂಟರ್ ಗುಜರಿಗೆ ಹೋಯಿತು. ಕಾಕಾನೂ ಈಗಿಲ್ಲ. ಎದುರಿಗೆ ನಿಲ್ಲಿಸಿ ಬೈಯಲು ಯಾರೂ ಉಳಿದಿಲ್ಲವೆಂಬುದು ನನಗೆ ಇನ್ನೊಂದು ಸಿಟ್ಟು. ನಿಮಗೂ ಇಂಥದ್ದು ಇರಬಹುದು. ಮೊನ್ನೆ ತಂಗಿಯ ಮಗಳ ಮದುವೆಗೆ ಬೀಸುಕಲ್ಲು ಪೂಜಿಸಿ ಅರಿಷಿಣ ಬೀಸುವಾಗ ಅವ್ವ ಒಂದು ಪದ ಎತ್ತಿದಳು, ಎರಡು ಸಾಲಿಗೇ ನಿಂತಳು. "ಮುಂದಿಂದು ನಿಮ್ಮ ಕಾಕಾನ ಪುಟದಾಗ ಐತಲ್ಲ, ನೋಡಿ ಹೇಳವಾ" ಎಂದಳು. ಹಳೆಯ ಪುಟಗಳನ್ನು ಕಾದಿಡುವ ತಾಣವೊಂದರಲ್ಲಿ ಫೋನಿನಲ್ಲೇ ಹುಡುಕಿದೆ. ಸಿಕ್ಕಿತು. ಆದರೆ ಒಂದು ಚಿತ್ರವೂ ಉಳಿದಿರಲಿಲ್ಲ. ಪದಗಳಿರಬೇಕಾದಲ್ಲೆಲ್ಲ ಖಾಲಿ ಚೌಕ. ಕಲ್ಲಿನ ಗೂಟ ಹಿಡಿದ ಹೆಂಗಸರು ನನ್ನ ಮುಖ ನೋಡುತ್ತಿದ್ದರು.

"ಸಿಕ್ತೇನ?"

"ನೆಟ್‌ವರ್ಕ್ ಇಲ್ಲಬೇ. ಆಮ್ಯಾಲ ನೋಡ್ತೀನಿ."

"ಆತು ಬಿಡು" ಎಂದಳು ಅವ್ವ. ಅರಿಷಿಣ ಮುಗಿಯುವವರೆಗೂ ಆ ಎರಡು ಸಾಲನ್ನೇ ಮತ್ತೆ ಮತ್ತೆ ಹಾಡಿದಳು.