ಸೂಜಿ ಬಿಟ್ಟು ಎಳೆ ಹುಡುಕಿದ ಮಧ್ಯಾಹ್ನ

ಇಂಥ ಮಾತುಗಳನ್ನು ನಾನು ನಂಬಿದವನೇ ಅಲ್ಲ. ಯಾರಾದರೂ ಕಿವಿಯಲ್ಲಿ ಧ್ವನಿ ಕೇಳಿತು ಎಂದರೆ, "ಮೊದಲ ಬಿಪಿ ತೋರಿಸ್ಕೋಪಾ" ಎಂದು ನಗೆಯಾಡಿ ಕಳಿಸುತ್ತಿದ್ದೆ. ಇದನ್ನು ಓದಿ ನೀವು ಅದೇ ಮಾತನ್ನು ನನಗೆ ಹೇಳಿದರೆ ಬೇಸರವಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಜಮಖಂಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮುಧೋಳದ ಮನೆಗೆ ಬೀಗ ಹಾಕಿ ಬಂದಿದ್ದೆ. ಆ ಸುದ್ದಿಯನ್ನು ಇಲ್ಲಿ ಯಾರ ಮುಂದೆಯೂ ತೆಗೆದಿರಲಿಲ್ಲ. ಖಾನಾವಳಿಯವನು "ಇನ್ನೊಂದ ರೊಟ್ಟಿ ಹಾಕಲ್ರಿ?" ಎಂದು ಕೇಳುತ್ತಿದ್ದುದೇ ನನ್ನ ಪಾಲಿನ ಸಂಸಾರ.

ಒಂದು ದಿನ ಬನಹಟ್ಟಿಯಿಂದ ನೀಲವ್ವ ಎಂಬಾಕೆ ಬಂದಳು. ಪವರ್‌ಲೂಮಿನಲ್ಲಿ ಕೂಲಿ, ಐವತ್ತರ ಆಸುಪಾಸು, ಹೊಕ್ಕುಳಿನ ಹರ್ನಿಯಾ. ಜೊತೆಗೆ ಯಾರು ಎಂದು ಕೇಳಿದರೆ, "ನನಗ ನಾನೇ ರೀ" ಎಂದಳು. "ಹೊಟ್ಟಿ ದೊಡ್ಡದ ಕೊಯ್ಯಬ್ಯಾಡ್ರಿ ಡಾಕ್ಟರ್ರ. ಎರಡ ತಿಂಗಳ ಮಲಗಿದ್ರ ಒಂದ ತಂಬಿಗಿ ನೀರ ಕೊಡಾವ್ರೂ ಇಲ್ಲ." ಕ್ಯಾಮೆರಾ ಇಳಿಸಿ ಸಣ್ಣ ತೂತುಗಳಲ್ಲೇ ಮುಗಿಸುತ್ತೇನೆ ಎಂದು ಮಾತು ಕೊಟ್ಟೆ.

ಮಧ್ಯಾಹ್ನದ ಆಪರೇಷನ್. ಒಳಗಿನ ಹೊಲಿಗೆ ಮುಗಿಸಿ ಸೂಜಿಯನ್ನು ತೂತಿನಿಂದ ಹೊರಗೆ ತೆಗೆಯುವಾಗ ಅದು ಇಕ್ಕಳದಿಂದ ಜಾರಿತು. ಶಾಂತಾ ಸಿಸ್ಟರ್ ಎಣಿಸಿ, "ಒಂದ ಸೂಜಿ ಕಡಿಮಿ ಐತ್ರಿ ಸರ" ಎಂದರು. ನೆಲ ನೋಡಿದೆವು, ಬಟ್ಟೆ ಬಿಡಿಸಿ ನೋಡಿದೆವು, ಎಕ್ಸ್‌ರೇ ತೆಗೆದೆವು. ಸೂಜಿ ಹೊಟ್ಟೆಯೊಳಗೇ ಇತ್ತು. ಆದರೆ ಕ್ಯಾಮೆರಾದ ಪರದೆಯ ಮೇಲೆ ಮಾತ್ರ ಕಾಣದು. ಎಲ್ಲಾದರೂ ಮಿಂಚೀತು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮುಕ್ಕಾಲು ಗಂಟೆ ಹುಡುಕಿದೆ. ಕುತ್ತಿಗೆ ಸೆಟೆದುಕೊಂಡಿತು. ಸಿಟ್ಟು ನೆತ್ತಿಗೇರಿ ಸಿಸ್ಟರನ್ನು ಬೈದೆ. ಪಾಪ, ಅವರದೇನು ತಪ್ಪು!

ಇನ್ನು ಹೊಟ್ಟೆ ಕೊಯ್ಯುವುದೊಂದೇ ದಾರಿ. ಆಗ ನನ್ನ ತಲೆಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಇಷ್ಟೇ ಇಷ್ಟು ಸೂಜಿ, ಒಳಗೇ ಇದ್ದರೇನು? ಹೊಲಿದುಬಿಡೋಣ. ಈಕೆಗೆ ಹೇಳುವುದೂ ಬೇಡ. ಕೇಳುವವರಾದರೂ ಯಾರಿದ್ದಾರೆ? ಇಷ್ಟೂ ಮನಸ್ಸಿನಲ್ಲೇ. ತುಟಿ ಅಲ್ಲಾಡಿಲ್ಲ.

ಅಷ್ಟರಲ್ಲಿ ಬಲಗಿವಿಯ ಹತ್ತಿರ ಒಂದು ಹೆಣ್ಣು ಧ್ವನಿ ಸ್ಪಷ್ಟವಾಗಿ ಹೇಳಿತು: "ಸೂಜಿ ಬಿಡ್ರಿ. ಎಳಿ ಹುಡುಕ್ರಿ."

"ಏನಂದ್ರಿ ಸಿಸ್ಟರ್?"

"ನಾ ಏನೂ ಅಂದಿಲ್ರಿ ಸರ."

ಅರಿವಳಿಕೆಯ ಡಾಕ್ಟರೂ ಇಲ್ಲವೆಂದು ತಲೆಯಾಡಿಸಿದರು. ನಮ್ಮ ಥಿಯೇಟರಿನಲ್ಲಿ ಎಲ್ಲರೂ 'ದಾರ' ಎನ್ನುವವರು. 'ಎಳಿ' ಮಗ್ಗದವರ ಮಾತು. ಎಳೆ ಕಡಿದರೆ ಅವರು ಮಗ್ಗ ನಿಲ್ಲಿಸಿ ಮೊದಲು ಅದರ ತುದಿ ಹುಡುಕುತ್ತಾರೆ. ನಮ್ಮ ಸೂಜಿಗೂ ಹೊಲಿದು ಉಳಿದ ನೇರಳೆ ಬಣ್ಣದ ದಾರ ಇನ್ನೂ ಇತ್ತು. ಹೊಳಪು ಹುಡುಕುವ ಭರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಈಗ ಬಣ್ಣ ಹುಡುಕಿದೆ. ಎರಡೇ ನಿಮಿಷ. ಕೊಬ್ಬಿನ ಮಡಿಕೆಯಲ್ಲಿ ನೇರಳೆ ತುದಿ ಇಣುಕಿತು. ಅದರ ಜಾಡು ಹಿಡಿದು ಹೋದರೆ ಮಡಿಕೆಯ ಅಡಿಯಲ್ಲಿ ಸೂಜಿ! "ಯಪ್ಪಾ ಶಿವನೇ" ಎಂದು ಸಿಸ್ಟರ್ ಉಸಿರು ಬಿಟ್ಟರು.

ಅಂದು ಖಾನಾವಳಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನೀಲವ್ವನ ಹಾಸಿಗೆಯ ಪಕ್ಕ ಕುಳಿತು, ಸೂಜಿ ಜಾರಿದ್ದನ್ನೂ ಸಿಕ್ಕಿದ್ದನ್ನೂ ಹೇಳಿದೆ. ನನ್ನ ಮನಸ್ಸಿಗೆ ಬಂದಿದ್ದನ್ನು ಮಾತ್ರ ಹೇಳಲಿಲ್ಲ.

ಆಕೆ ಎಲ್ಲ ಕೇಳಿಸಿಕೊಂಡು, "ಕೇಳಾವ್ರು ಯಾರದಾರ ಅಂದ್ರಲ್ಲರಿ, ಆಗ ಭಾಳ ಅಂಜಿಕಿ ಬಂತ್ರಿ" ಎಂದಳು.

ಅರಿವಳಿಕೆಯಲ್ಲೂ ಅಪರೂಪಕ್ಕೆ ಕೆಲವರಿಗೆ ಮಾತು ಕೇಳಿಸುತ್ತದೆ, ಗೊತ್ತು. ಆದರೆ ಆಡದ ಮಾತು? ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ್ದೇನೆ, ನನಗಿಂತ ತಿಳಿದವರನ್ನು ಕೇಳಿದ್ದೇನೆ. ಇಂದಿಗೂ ನನಗದು ಬಗೆಹರಿದಿಲ್ಲ.

ನಾನು ಹಾಗೆ ಅಂದೇ ಇಲ್ಲ ಎನ್ನಬಹುದಿತ್ತು. ಆಗಲಿಲ್ಲ. "ತಪ್ಪಾತವ್ವಾ" ಎಂದೆ. ಅಳು ಬಂತು, ತಡೆಯಲಾಗಲಿಲ್ಲ.

"ಆತ ಬಿಡ್ರಿ, ಸಿಕ್ತಲ್ಲ" ಎಂದಳು. ನನ್ನ ಮುಖ ನೋಡಿ, "ನಿಮಗೂ ಯಾರೂ ಇಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ" ಎಂದೆ. ಜಮಖಂಡಿಗೆ ಬಂದ ಮೇಲೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.